ಕತ್ತಲೆ ಕೋಣೆಗೆ ಬೀದಿಯನ್ನು ಕರೆತಂದದ್ದು

ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕೋಣೆಯಲ್ಲಿ ಪೂರ್ವದ ದೊಡ್ಡ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಅನೇಕರು ನೋಡಿರುತ್ತೀರಿ. ಒಂದು ಕಿಂಡಿ, ಎದುರಿಗೆ ಗೋಡೆ, ಹೊರಗೆ ಬಿಸಿಲು. ಧಾರವಾಡದ ಹಳೇ ಮನೆಯೊಂದರ ಮಹಡಿ ಕೋಣೆ ನನ್ನ ಕಲಾಪ್ರದರ್ಶನಕ್ಕೆ ಸಿಕ್ಕಾಗ, ಅಲ್ಲಿಗೆ ಹೊರಗಿನಿಂದ ಏನನ್ನೂ ತಂದಿಡದೆ ಎದುರಿನ ಬೀದಿಯನ್ನೇ ಒಳಗೆ ಕರೆಯಬೇಕು ಅನ್ನಿಸಿತು.

ಕಿಟಕಿ ಪಶ್ಚಿಮಕ್ಕಿತ್ತು. ಸೂರ್ಯ ಮನೆಯ ಬೆನ್ನಿಗಿದ್ದು ಎದುರು ಸಾಲಿನ ಮನೆಗಳ ಮುಖಕ್ಕೆ ಬಿಸಿಲು ಹೊಡೆದಾಗಲೇ ಒಳಗೆ ಚಿತ್ರ ಚೆನ್ನಾಗಿ ಮೂಡುವುದು, ಹಾಗಾಗಿ ಪ್ರದರ್ಶನ ಬೆಳಗಿನ ಹೊತ್ತು ಮಾತ್ರ. ಕಿಟಕಿಗೆ ಕಪ್ಪು ತಾಡಪತ್ರಿ ಹೊಡೆದರೂ ಹೆಂಚಿನ ಸಂದು, ಬಾಗಿಲಡಿಯ ಸೀಳು, ಕೀಲಿ ತೂತು ಎಲ್ಲಕ್ಕೂ ಹಳೇ ಬಟ್ಟೆ ತುರುಕಬೇಕಾಯಿತು. ಎದುರು ಗೋಡೆಗೆ ಸುಣ್ಣ ಬಳಿಸಿದೆ.

ತಾಡಪತ್ರಿಯಲ್ಲಿ ಬೆಳಕಿಗೆ ಬಿಡುವ ರಂಧ್ರದಿಂದ ಆ ಗೋಡೆಗೆ 4 ಮೀಟರ್. ಆ ದೂರಕ್ಕೆ ಸುಮಾರು 3 ಮಿಲಿಮೀಟರ್ ರಂಧ್ರ ಮಾಡಿದರೆ ಚಿತ್ರ ಅತ್ಯಂತ ಸ್ಪಷ್ಟ. ಆದರೆ ಅಷ್ಟು ಮಂದ ಬೆಳಕಿನಲ್ಲಿ ಕಣ್ಣಿನ ರಾಡ್ ಕೋಶಗಳಷ್ಟೇ (ಮಂದ ಬೆಳಕನ್ನು ಗ್ರಹಿಸುವ ಕೋಶಗಳು) ಕೆಲಸ ಮಾಡುತ್ತವೆ, ಅವಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಕೆಂಪು ಸೀರೆಯುಟ್ಟ ಒಬ್ಬರು ಬೀದಿ ದಾಟಿದರೆ ಗೋಡೆಯ ಮೇಲೆ ಸೀರೆ ಕರಿದು. ಕನ್ನಡಕದ ಅಂಗಡಿಗೆ ಹೋಗಿ ಪ್ಲಸ್ 0.25 ಪವರಿನ, ಅಂಚು ಕತ್ತರಿಸದ ಗಾಜು ತಂದೆ. ಅದರ ಸಂಗಮದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಅದು ಒಂದೆಡೆ ಕೂಡಿಸುವ ದೂರ, ಸರಿಯಾಗಿ 4 ಮೀಟರ್. ಅದನ್ನು ಕೂರಿಸಿ ರಂಧ್ರವನ್ನು 30 ಮಿಲಿಮೀಟರಿಗೆ ಹಿಗ್ಗಿಸಿದೆ. ಬೆಳಕು 100 ಪಟ್ಟಾಯಿತು. ಸೀರೆಗೆ ಮಾಸಲು ಕೆಂಪು ಬಂತು, ತಳ್ಳುಗಾಡಿಯ ಕೊತ್ತಂಬರಿಗೆ ಹಸಿರು. 40 ಮೀಟರ್ ಆಚೆಗಿನ, 10 ಮೀಟರ್ ಎತ್ತರದ ತೆಂಗಿನಮರ ಗೋಡೆಯ ಮೇಲೆ ಒಂದು ಮೀಟರಿನಷ್ಟಾಗಿ, ಗರಿ ಕೆಳಗೆ ಮಾಡಿ ಅಲ್ಲಾಡುತ್ತಿತ್ತು.

ಪ್ರೊಜೆಕ್ಟರ್ ಇಟ್ಟರೆ ಬಂದ ತಕ್ಷಣ ಕಾಣುತ್ತದಲ್ಲ ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಬಿಸಿಲಿನಿಂದ ಬಂದವರ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಆ ಹೊತ್ತೇ ನನ್ನ ಕೃತಿ. ಚಿತ್ರ ಮೊದಲಿನಿಂದಲೂ ಗೋಡೆಯ ಮೇಲೆ ಇದ್ದೇ ಇರುತ್ತದೆ. ನಿಧಾನಕ್ಕೆ ಬದಲಾಗುವುದು ನೋಡುವವರ ಕಣ್ಣು. ಮೊಬೈಲ್ ಒಮ್ಮೆ ಮಿನುಗಿದರೂ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಹಿಂದೆ ಬೀಳುತ್ತದೆ, ಅದಕ್ಕೇ ಫೋನುಗಳಿಗೆ ಬಾಗಿಲಲ್ಲೇ ಬುಟ್ಟಿ ಇಟ್ಟಿದ್ದೆ.

"ಏನೂ ಕಾಣವಲ್ದಲ್ರೀ" ಎಂದರು ಒಬ್ಬ ಹಿರಿಯರು.

"ಕುಂದರ್ರಿ ಅಜ್ಜಾರ, ಕಾಣ್ತದ."

ಮೊದಲು ಅವರಿಗೆ ಕೆಳಗಡೆ ಆಕಾಶದ ಬಿಳುಪು ಕಂಡಿತು. ಆಮೇಲೆ ಮರ. ಸೈಕಲ್ಲೊಂದು ಮೇಲಿನಂಚಿನಲ್ಲಿ ತಲೆಕೆಳಗಾಗಿ ಹೋದಾಗ "ಅದು ಈಗ ಹೊರಗ ಹೊಂಟದೇನ್ರೀ?" ಎಂದು ಕೇಳಿದರು. ಹೌದೆಂದೆ. ಸಿನಿಮಾ ಅಲ್ಲ, ಈ ಗಳಿಗೆಯ ಬೀದಿಯೇ ಎಂದು ಖಾತ್ರಿಯಾದ ಮೇಲೆ ಅವರು ಬೇಗ ಏಳಲಿಲ್ಲ.

ಸೂರ್ಯ ನೆತ್ತಿ ದಾಟಿದರೆ ಚಿತ್ರ ತೆಳುವಾಗುತ್ತಿತ್ತು. ಮಧ್ಯಾಹ್ನ ಬಂದವರನ್ನು ಮರುದಿನ ಬೆಳಿಗ್ಗೆ ಬರಹೇಳಿ ಕಳಿಸುತ್ತಿದ್ದೆ.