ಬಾತ್‌ರೂಮಿನ ಹಸಿರು-ಹಳದಿ ತಂತಿ: ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹಿಡಿಯುವವರಿಗೆ

ಬಾಡಿಗೆ ಮನೆಯ ಕೀಲಿಯ ಜೊತೆ ನಿಮಗೆ ಒಂದಷ್ಟು ಕಾಗದಪತ್ರ ಬರುತ್ತವೆ. ಗ್ಯಾಸ್ ಸರ್ಟಿಫಿಕೇಟ್, ಡಿಪಾಸಿಟ್ ಪತ್ರ, ಜೊತೆಗೆ ಈಐಸಿಆರ್ ಅನ್ನುವ ವರದಿ. ಜಾಸ್ತಿ ಜನ ಈ ಕೊನೆಯದನ್ನು ತೆರೆದೂ ನೋಡುವುದಿಲ್ಲ. ದಯವಿಟ್ಟು ನೋಡಿ. ಮನೆಯ ವೈರಿಂಗ್ ಹೇಗಿದೆ ಅಂತ ಎಲೆಕ್ಟ್ರಿಷಿಯನ್ ಪರೀಕ್ಷೆ ಮಾಡಿ ಬರೆದ ವರದಿ ಅದು. 2020ರ ಕಾನೂನಿನಂತೆ ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಕನಿಷ್ಠ 5 ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಬೇಕು. ನೀವು ಮನೆ ಸೇರುವ ಮುಂಚೆಯೇ ಅದರ ಪ್ರತಿ ಕೊಡಬೇಕು.

ಹೋದ ಚಳಿಗಾಲದಲ್ಲಿ ದಾವಣಗೆರೆ ಕಡೆಯ ಹೊಸ ದಂಪತಿ ಈ ವರದಿ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಬಾತ್‌ರೂಮಿನಲ್ಲಿ ಸಪ್ಲಿಮೆಂಟರಿ ಬಾಂಡಿಂಗ್ ಇಲ್ಲ, ಸಿ2 (ಅಪಾಯ ಆಗಬಹುದು ಅನ್ನುವ ಗುರುತು) ಅಂತ ಬರೆದಿತ್ತು. ಏಜೆಂಟ್ ಮಾತ್ರ 'ಅದು ಬರೀ ಕಾಗದದ ವಿಷಯ' ಅಂದಿದ್ದರಂತೆ. 'ಅಣ್ಣ, ಅರ್ಥಿಂಗ್ ಇದೆ ಅಂತಾರೆ. ಮತ್ತೆ ಈ ಬಾಂಡಿಂಗ್ ಯಾಕೆ?' ಅಂತ ಆ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ಊರಲ್ಲಿ ಅರ್ಥಿಂಗ್ ಅಂದರೆ ಇದ್ದಿಲು, ಉಪ್ಪು ಹಾಕಿದ ಗುಂಡಿ. ಬಾಂಡಿಂಗ್ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡಿ ಕೇಳಿರುವುದಿಲ್ಲ.

ಗೀಸರ್ ಕೆಟ್ಟಾಗ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುವುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಶಾಕ್ ಹೊಡೆಯುವುದು ನೀವು ಒಟ್ಟಿಗೆ ಮುಟ್ಟುವ ಎರಡು ಜಾಗಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದಾಗ. ಒಂದು ಕೈ ಶವರ್ ಪೈಪಿನ ಮೇಲೆ, ಇನ್ನೊಂದು ರೇಡಿಯೇಟರ್ ಮೇಲೆ ಇದೆ ಅಂತಿಟ್ಟುಕೊಳ್ಳಿ. ಎರಡರಲ್ಲೂ ವೋಲ್ಟೇಜ್ ಒಂದೇ ಆದರೆ ಮೈಯೊಳಗೆ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಬಾತ್‌ರೂಮಿನ ತಾಮ್ರದ ಪೈಪು, ರೇಡಿಯೇಟರ್, ಎಲೆಕ್ಟ್ರಿಕ್ ಶವರಿನ ಅರ್ಥ್ ಎಲ್ಲವನ್ನೂ ಹಸಿರು-ಹಳದಿ ತಂತಿಯಿಂದ ಒಂದಕ್ಕೊಂದು ಸೇರಿಸುತ್ತಾರೆ. ಇದೇ ಸಪ್ಲಿಮೆಂಟರಿ ಬಾಂಡಿಂಗ್. ಅರ್ಥಿಂಗ್ ಕೆಲಸ ಬೇರೆ: ಸೋರಿದ ಕರೆಂಟಿಗೆ ದಾರಿ ಕೊಟ್ಟು ಫ್ಯೂಸ್ ಹಾರುವಂತೆ ಮಾಡುವುದು. ಫ್ಯೂಸ್ ಹಾರುವ ತನಕದ ಆ ಕ್ಷಣದಲ್ಲಿ ನಿಮ್ಮನ್ನು ಕಾಯುವುದು ಬಾಂಡಿಂಗ್. ಮೈ ಒದ್ದೆ ಇದ್ದಾಗ ಚರ್ಮ ಕರೆಂಟನ್ನು ಸುಲಭವಾಗಿ ಒಳಗೆ ಬಿಡುತ್ತದೆ. ಅದಕ್ಕೇ ಬಾತ್‌ರೂಮಿಗೆ ಇಷ್ಟು ಎಚ್ಚರ.

ಮೇನ್ ಬಾಂಡಿಂಗ್ ಅಂತಲೂ ಒಂದಿದೆ. ನೀರು, ಗ್ಯಾಸ್ ಪೈಪು ಮನೆಯೊಳಗೆ ಬರುವ ಜಾಗದಿಂದ ಮೇನ್ ಅರ್ಥ್‌ಗೆ ಹೋಗುವ ದಪ್ಪ ತಂತಿ ಅದು, ಸಾಮಾನ್ಯವಾಗಿ 10 ಚದರ ಮಿಲಿಮೀಟರ್. ಬಾತ್‌ರೂಮಿನದು ಸಣ್ಣದು, ಹೆಚ್ಚಾಗಿ 4 ಚದರ ಮಿಲಿಮೀಟರ್.

ಈಗ ನಿಮ್ಮ ಬಾತ್‌ರೂಮಿನಲ್ಲಿ ಈ ತಂತಿ ಕಾಣದಿದ್ದರೆ ಕೂಡಲೇ ಗಾಬರಿಯಾಗಬೇಡಿ. ಇಲ್ಲಿನ ವೈರಿಂಗ್ ನಿಯಮ ಬಿಎಸ್ 7671. ಅದರ 2008ರ ಆವೃತ್ತಿಯಿಂದ ಮೂರು ಷರತ್ತು ಪೂರೈಸಿದರೆ ಬಾತ್‌ರೂಮಿನ ಬಾಂಡಿಂಗ್ ಬಿಡಬಹುದು. ಬಾತ್‌ರೂಮಿನ ಎಲ್ಲ ಸರ್ಕ್ಯೂಟ್‌ಗೂ 30 ಮಿಲಿಆಂಪ್‌ನ ಆರ್‌ಸಿಡಿ, ಅಂದರೆ ಕರೆಂಟ್ ಸೋರಿದ ಕೂಡಲೇ ಸರ್ಕ್ಯೂಟ್ ಕಡಿಯುವ ಸ್ವಿಚ್, ಇರಬೇಕು. ದೋಷ ಬಂದಾಗ ಆ ಸರ್ಕ್ಯೂಟ್‌ಗಳು ನಿಗದಿತ ಸಮಯದೊಳಗೆ ಕಡಿತವಾಗಬೇಕು. ಅಲ್ಲಿನ ಲೋಹದ ಪೈಪುಗಳು ಮೇನ್ ಬಾಂಡಿಂಗ್‌ಗೆ ಸರಿಯಾಗಿ ಸೇರಿರಬೇಕು. ಮೂರೂ ಬೇಕು. ಲೈಟಿನ ಸರ್ಕ್ಯೂಟ್ ಒಂದಕ್ಕೆ ಆರ್‌ಸಿಡಿ ಇಲ್ಲದಿದ್ದರೂ ಈ ವಿನಾಯಿತಿ ಸಿಗುವುದಿಲ್ಲ. ಊರಲ್ಲಿ ಇಎಲ್‌ಸಿಬಿ, ಆರ್‌ಸಿಸಿಬಿ ಅಂತ ಕರೆಯುತ್ತೇವಲ್ಲ, ಆರ್‌ಸಿಡಿ ಅದೇ ಕೆಲಸ ಮಾಡುತ್ತದೆ. ಫ್ಯೂಸ್ ಬಾಕ್ಸಿನಲ್ಲಿ ಟೆಸ್ಟ್ ಅಂತ ಬರೆದ ಗುಂಡಿ ಇದ್ದರೆ ಅದೇ. ಆರು ತಿಂಗಳಿಗೊಮ್ಮೆ ಒತ್ತಿ ನೋಡಿ.

ಮೂರನೆಯ ಷರತ್ತು ಎಲ್ಲಿ ತಪ್ಪುತ್ತದೆ ಅಂತ ನನ್ನ ಸ್ವಂತ ಮನೆಯಲ್ಲೇ ಗೊತ್ತಾಯಿತು. ಪೈಪ್ ಸೋರುತ್ತಿತ್ತು. ಪ್ಲಂಬರ್ ಬಂದು ತಾಮ್ರದ ನಡುವೆ ಒಂದು ತುಂಡು ಪ್ಲಾಸ್ಟಿಕ್ ಪೈಪು ಹಾಕಿ ಹೋದರು. ಸೋರುವುದು ನಿಂತಿತು. ಆದರೆ ಆ ತುಂಡಿನಿಂದ ಆಚೆಗಿನ ಪೈಪು ಮೇನ್ ಬಾಂಡಿಂಗ್‌ನಿಂದ ಕಡಿದುಹೋಗಿತ್ತು. ಎರಡು ವರ್ಷ ನಮಗೆ ಯಾರಿಗೂ ತಿಳಿಯಲಿಲ್ಲ. ಹಾಗಂತ ಕಂಡ ಲೋಹಕ್ಕೆಲ್ಲ ತಂತಿ ಕಟ್ಟುವುದೂ ಸರಿಯಲ್ಲ. ಪೂರ್ತಿ ಪ್ಲಾಸ್ಟಿಕ್ ಪೈಪಿನ ತುದಿಯಲ್ಲಿ ಇರುವ ಲೋಹದ ನಲ್ಲಿಗೆ ಬಾಂಡಿಂಗ್ ಬೇಕಿಲ್ಲ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಮೀಟರ್ ಹಿಡಿದು ಅಳೆದೇ ಹೇಳಬೇಕು. ಇದನ್ನು ನೀವೇ ಮಾಡಲು ಹೋಗಬೇಡಿ. ಎಲೆಕ್ಟ್ರಿಷಿಯನ್‌ಗಳನ್ನು ನೋಂದಾಯಿಸುವ ಎನ್‌ಐಸಿಇಐಸಿ ಅಥವಾ ನ್ಯಾಪಿಟ್ ಸಂಸ್ಥೆಯಲ್ಲಿ ಹೆಸರಿರುವ ಎಲೆಕ್ಟ್ರಿಷಿಯನ್ ಕೆಲಸ ಅದು.

ವರದಿಯಲ್ಲಿ ಸಿ1 ಅಂದರೆ ಅಪಾಯ ಈಗಲೇ ಇದೆ. ಸಿ2 ಅಂದರೆ ಅಪಾಯ ಆಗುವ ಸಾಧ್ಯತೆ ಇದೆ. ಎಫ್‌ಐ ಅಂದರೆ ಇನ್ನೂ ತನಿಖೆ ಬೇಕು. ಇವುಗಳಲ್ಲಿ ಒಂದಿದ್ದರೂ ವರದಿ 'ಅನ್‌ಸ್ಯಾಟಿಸ್‌ಫ್ಯಾಕ್ಟರಿ'. ಸಿ3 ಬರೀ ಸಲಹೆ. ವರದಿ ಅನ್‌ಸ್ಯಾಟಿಸ್‌ಫ್ಯಾಕ್ಟರಿ ಆದರೆ ಮನೆ ಮಾಲೀಕರು 28 ದಿನದೊಳಗೆ ರಿಪೇರಿ ಮಾಡಿಸಬೇಕು. ವರದಿಯಲ್ಲಿ ಇನ್ನೂ ಕಡಿಮೆ ದಿನ ಹೇಳಿದ್ದರೆ ಅಷ್ಟರೊಳಗೆ. ಬಾಯಿಮಾತಿನಲ್ಲಿ ಕೇಳಿ ಸುಮ್ನೆ ಕೂರಬೇಡಿ, ಇಮೇಲ್ ಬರೆಯಿರಿ. ಆಗಲೂ ಮಾಡದಿದ್ದರೆ ನಿಮ್ಮ ಊರಿನ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ದೂರು ಕೊಡಬಹುದು. ಹೊಸದಾಗಿ ಬಂದವರು ಮಾಲೀಕರ ಜೊತೆ ಯಾಕೆ ಜಗಳ ಅಂತ ಹಿಂಜರಿಯುತ್ತಾರೆ, ಅದು ನನಗೆ ಗೊತ್ತು. ಆದರೆ ಇದು ಜಗಳವಲ್ಲ, ನಿಮ್ಮ ಹಕ್ಕು.

ಆ ದಂಪತಿಯೂ ಇಮೇಲ್ ಬರೆದರು. ಮಾಲೀಕರು ಹಳೆಯ ಫ್ಯೂಸ್ ಬಾಕ್ಸ್ ತೆಗೆಸಿ ಆರ್‌ಸಿಡಿ ಇರುವ ಹೊಸದನ್ನು ಹಾಕಿಸಿದರು. ಎಲೆಕ್ಟ್ರಿಷಿಯನ್ ಪೈಪುಗಳನ್ನು ಅಳೆದು ನೋಡಿ ಸರಿ ಇದೆ ಅಂತ ಲಿಖಿತವಾಗಿ ಕೊಟ್ಟರು. ಕೆಲಸ ಮುಗಿದ ಮೇಲೆ ನೀವೂ ಆ ಕಾಗದ ಕೇಳಿ ಇಸಿದುಕೊಳ್ಳಿ.

ಪೈಪಿಗೆ ಬಿಗಿದ ಕ್ಲ್ಯಾಂಪಿನ ಮೇಲೆ 'ಡು ನಾಟ್ ರಿಮೂವ್' ಅಂತ ಬರೆದ ಪಟ್ಟಿ ಇರುತ್ತದೆ. ಪೇಂಟ್ ಮಾಡುವಾಗ, ಬೇಸಿನ್ ಬದಲಿಸುವಾಗ ಅದನ್ನು ಬಿಚ್ಚಲು ಯಾರಿಗೂ ಬಿಡಬೇಡಿ. ಇನ್ನು ಸ್ನಾನ ಮಾಡುವಾಗ ನಲ್ಲಿಯಲ್ಲೋ ಶವರಿನಲ್ಲೋ ಸ್ವಲ್ಪವೇ ಜುಮ್ ಅಂದರೂ ಹೊರಗೆ ಬಂದುಬಿಡಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಅದೇ ದಿನ ಮಾಲೀಕರಿಗೆ ಫೋನ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ಬಾತ್‌ರೂಮ್ ಬಳಸಬೇಡಿ.