ತಲೆ ಬೋಳಿಸಿಕೊಳ್ಳುವುದು: ಬಾರ್ಬರ್ ಕುರ್ಚಿ ಯಾವಾಗ, ಮನೆಯ ಕನ್ನಡಿ ಯಾವಾಗ

ತಲೆಗೂದಲು ದಿನಕ್ಕೆ ಸುಮಾರು 0.3ರಿಂದ 0.4 ಮಿ.ಮೀ. ಬೆಳೆಯುತ್ತದೆ. ತಲೆ ಸದಾ ನುಣ್ಣಗಿರಬೇಕು ಅನ್ನುವವರು ದುಡ್ಡಿನ ಲೆಕ್ಕಕ್ಕಿಂತ ಮೊದಲು ಈ ಲೆಕ್ಕ ಹಾಕಬೇಕು. ಎಂಥ ಪಳಗಿದ ಕೈ ಬೋಳಿಸಿದರೂ ಮರುದಿನ ಸಂಜೆ ಅಂಗೈಯಿಂದ ಸವರಿದರೆ ತರಿತರಿ ಅನ್ನುತ್ತದೆ. ‘ಬಾರ್ಬರ್ ಮಾಡಿದ ಶೇವ್ ಜಾಸ್ತಿ ದಿನ ಬರುತ್ತೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚೆಂದರೆ ಅರ್ಧ ದಿನದ ವ್ಯತ್ಯಾಸ. ನಾನು ಎರಡು ದಿನಕ್ಕೊಮ್ಮೆ ನನ್ನ ಕೈಯಾರೆ ಬೋಳಿಸಿಕೊಳ್ಳುತ್ತೇನೆ. ಆದರೂ ವರ್ಷಕ್ಕೆ ಎರಡು ಮೂರು ಸಲ ಒಳ್ಳೆಯ ಬಾರ್ಬರ್ ಹತ್ತಿರ ಹೋಗುತ್ತೇನೆ, ಅದು ದಂಡ ಅಂತ ಅನ್ನಿಸಿಲ್ಲ. ಅಲ್ಲಿ ನಾನು ದುಡ್ಡು ಕೊಡುವುದು ನುಣುಪಿಗಲ್ಲ, ನನ್ನ ಹಿಂದಲೆಯನ್ನು ನೇರವಾಗಿ ನೋಡಬಲ್ಲ ಕಣ್ಣುಗಳಿಗೆ.

ಹಾಗಾಗಿ ಬಾರ್ಬರ್ ಹತ್ತಿರ ಹೋಗುವ ಮುನ್ನ ಮೂರು ದಿನ ತಲೆ ಮುಟ್ಟಬಾರದು. ಸುಮಾರು 1 ಮಿ.ಮೀ. ಕೂದಲಿದ್ದರೆ ಅದು ಯಾವ ಕಡೆಗೆ ಮಲಗಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಕೇಳಬೇಕಾದ್ದು ಮೂರೇ ಮಾತು: ಸುಳಿ ಎಲ್ಲಿದೆ, ಯಾವ ಕಡೆಗೆ ತಿರುಗಿದೆ? ಕತ್ತಿನ ಹಿಂದೆ ಕೂದಲು ಕೆಳಗೆ ಹೋಗುತ್ತದೋ, ಪಕ್ಕಕ್ಕೋ, ಮೇಲಕ್ಕೋ? ಉಬ್ಬಿದ ಮಚ್ಚೆ, ಗುಳ್ಳೆ, ಹಳೆಯ ಗಾಯದ ಗುರುತು ಎಲ್ಲೆಲ್ಲಿದೆ? ಈ ಮೂರಕ್ಕೆ ಉತ್ತರ ಗೊತ್ತಾದರೆ ಮನೆಯ ಶೇವ್‌ನಲ್ಲಿ ಆಗುವ ಹೆಚ್ಚಿನ ಗಾಯಗಳು ತಪ್ಪುತ್ತವೆ. ಕತ್ತಿನ ಎಡಗಡೆ ಕೂದಲು ಒಂದು ದಿಕ್ಕು, ಬಲಗಡೆ ಇನ್ನೊಂದು ದಿಕ್ಕು ಇರುವುದು ಸರ್ವೇಸಾಮಾನ್ಯ. ಅದು ಗೊತ್ತಿಲ್ಲದೆ ಎರಡೂ ಕಡೆ ಮೇಲಿನಿಂದ ಕೆಳಕ್ಕೆ ಎಳೆದವರಿಗೆ ಒಂದೇ ಪಕ್ಕ ಮತ್ತೆ ಮತ್ತೆ ಉರಿಯುತ್ತದೆ. ಬ್ಲೇಡ್ ಕೆಟ್ಟಿದೆ ಅಂತ ಅವರು ಬ್ಲೇಡ್ ಬದಲಿಸುತ್ತಾ ಹೋಗುತ್ತಾರೆ.

ಕೆಲಸ ಬಲ್ಲ ಬಾರ್ಬರ್ ಯಾರೆಂದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಅವರು ಕತ್ತಿ ಹಿಡಿಯುವ ಮೊದಲು ತಲೆಯನ್ನು ಬೆರಳಿಂದ ಪೂರ್ತಿ ತಡವಿ ನೋಡುತ್ತಾರೆ. ಬಿಸಿ ಟವೆಲನ್ನು ತಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಆಮೇಲೆ ತಲೆಗೆ ಸುತ್ತಿ ಎರಡು ಮೂರು ನಿಮಿಷ ಬಿಡುತ್ತಾರೆ. ಟವೆಲ್ ಹಾಕಿದರೆ ಚರ್ಮದ ರಂಧ್ರ ತೆರೆಯುತ್ತದೆ ಅಂತ ಹೇಳುವವರಿದ್ದಾರೆ. ರಂಧ್ರಕ್ಕೆ ತೆರೆದು ಮುಚ್ಚುವ ಸ್ನಾಯುವೇ ಇಲ್ಲ. ಟವೆಲ್‌ನ ನಿಜವಾದ ಉಪಯೋಗ ಬೇರೆ: ಕೂದಲು ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಒಣ ಕೂದಲಿಗಿಂತ ಬಹಳ ಕಡಿಮೆ ಒತ್ತಡಕ್ಕೆ ತುಂಡಾಗುತ್ತದೆ. ಅಷ್ಟೇ ಹೊತ್ತು ಬಿಸಿನೀರಿನ ಶವರ್ ಕೆಳಗೆ ನಿಂತರೂ ಇದೇ ಫಲ ಸಿಗುತ್ತದೆ.

ಬ್ಲೇಡ್ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಈಗ ಹೆಚ್ಚಿನ ಬಾರ್ಬರ್‌ಗಳು ಬಳಸುವುದು ಬ್ಲೇಡ್ ಬದಲಿಸುವ ಕತ್ತಿ. ಎರಡಂಚಿನ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮಡಚಿ ಟಕ್ಕೆಂದು ಮುರಿದು, ಒಂದು ಹೋಳನ್ನು ಹಿಡಿಗೆ ಸೇರಿಸುತ್ತಾರೆ. ಆ ಕಾಗದ ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಸೋಂಕು ತಗುಲಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಬ್ಲೇಡ್ ಹೊಸದಾದರೂ ಹಿಡಿ ಹಳೆಯದೇ, ಅದನ್ನೂ ಒರೆಸಿದ್ದಾರೆಯೇ ಅಂತ ನೋಡಿ. ಕೂದಲು ಕತ್ತರಿಸುವ ಯಂತ್ರ, ಅಂದರೆ ಕ್ಲಿಪ್ಪರ್‌ನ ಹಲ್ಲುಗಳಿಂದ ಹುಳುಕಡ್ಡಿ ಹರಡುತ್ತದೆ, ಆದ್ದರಿಂದ ಅದನ್ನೂ ಸೋಂಕುನಾಶಕದಿಂದ ತೊಳೆದಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಬೇಕು. ‘ಹೊಸ ಬ್ಲೇಡ್ ಹಾಕಿ’ ಅಂದದ್ದಕ್ಕೆ ಮುಖ ಗಂಟಿಕ್ಕುವ ಅಂಗಡಿಯಿಂದ ನಾನು ಎದ್ದು ಬರುತ್ತೇನೆ.

ಇನ್ನು ಶೇವಿಂಗ್ ಸಾಮಾನಿನ ಐಷಾರಾಮಿ ಅಂಗಡಿಗಳು. ಲಂಡನ್ನಿನ ಟ್ರೂಫಿಟ್ ಆ್ಯಂಡ್ ಹಿಲ್ 1805ರಿಂದ, ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ 1854ರಿಂದ ಇವೆ. ಇಂಥ ಹಳೆಯ ಮನೆತನಗಳ ಕ್ರೀಮು ಸೋಪುಗಳ ಬಗ್ಗೆ ನನಗೆ ಗೌರವವಿದೆ. ಒಳ್ಳೆಯ ಸೋಪು ತಲೆಗೆ ನಿಜಕ್ಕೂ ಬೇಕು, ಯಾಕೆಂದರೆ ತಲೆ ಗದ್ದಕ್ಕಿಂತ ದೊಡ್ಡ ಜಾಗ. ಒಂದು ಕಡೆ ಬೋಳಿಸುವಷ್ಟರಲ್ಲಿ ಇನ್ನೊಂದು ಕಡೆಯ ನೊರೆ ಒಣಗಬಾರದು. 150 ಗ್ರಾಂ ಡಬ್ಬಿಯಿಂದ ಒಂದು ಸಲಕ್ಕೆ ಒಂದರಿಂದ ಒಂದೂವರೆ ಗ್ರಾಂ, ಅಂದರೆ ಬಾದಾಮಿ ಗಾತ್ರದಷ್ಟು ತೆಗೆದರೆ, ನೂರರಿಂದ ನೂರೈವತ್ತು ಶೇವ್ ಬರುತ್ತದೆ. ಹಂಚಿ ನೋಡಿದರೆ ಅದು ದುಬಾರಿಯಲ್ಲ.

ದುಡ್ಡು ಪೋಲಾಗುವುದು ರೇಜರ್‌ನ ಹಿಡಿಯಲ್ಲಿ. ದಂತದ ಬಣ್ಣದ, ಕೋಡಿನ, ಬೆಳ್ಳಿ ಲೇಪದ ಹಿಡಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ತಲೆಕೆಳಗು ಮಾಡಿ ನೋಡಿ: ಎಷ್ಟೋ ಹಿಡಿಗಳ ತುದಿಗೆ ಸಿಕ್ಕಿಸುವುದು ಎಲ್ಲ ಕಡೆ ಸಿಗುವ ಜಿಲೆಟ್ ಮ್ಯಾಕ್ 3 ಅಥವಾ ಫ್ಯೂಷನ್ ಕಾರ್ಟ್ರಿಜ್, ಅಂದರೆ ಹಲವು ಬ್ಲೇಡ್ ಕೂಡಿಸಿದ, ಬದಲಿಸಬಹುದಾದ ತಲೆ. ಕೂದಲು ಕತ್ತರಿಸುವುದು ಆ ಕಾರ್ಟ್ರಿಜ್, ಹಿಡಿಯಲ್ಲ. ಚೆಂದಕ್ಕಾಗಿ ಕೊಳ್ಳುವುದಾದರೆ ಕೊಳ್ಳಿ, ಶೇವ್ ಚೆನ್ನಾಗುತ್ತದೆ ಅಂತ ಕೊಳ್ಳಬೇಡಿ. ಬ್ರಷ್‌ನಲ್ಲೂ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಮೇಲ್ದರ್ಜೆಗೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಕೂದಲ ಕಟ್ಟು ಬುಡದಲ್ಲಿ 24 ಮಿ.ಮೀ. ದಪ್ಪವಿರುವ ಸಿಂಥೆಟಿಕ್ ಬ್ರಷ್ ನೆನೆಹಾಕದೆಯೇ ನೊರೆ ಏಳಿಸುತ್ತದೆ, ಬೇಗ ಒಣಗುತ್ತದೆ. ಹಂದಿ ಕೂದಲಿನ ಬ್ರಷ್ ಆದರೆ ಐದು ನಿಮಿಷ ನೆನೆಯಬೇಕು, ತುದಿ ಸೀಳಿ ಮೆತ್ತಗಾಗಲು ಕೆಲವು ವಾರ ಬೇಕು.

ನನ್ನ ಕ್ರಮ ಹೀಗಿದೆ. ಕೂದಲು 2 ಮಿ.ಮೀ. ದಾಟಿದ್ದರೆ ಮೊದಲು ಕ್ಲಿಪ್ಪರ್. ಇಲ್ಲದಿದ್ದರೆ ರೇಜರ್ ಕಟ್ಟಿಕೊಂಡು ಎಳೆಯುತ್ತದೆ. ಆಮೇಲೆ ಬಿಸಿನೀರಿನ ಸ್ನಾನ, ತಲೆ ಒರೆಸದೆ ನೊರೆ. ನೊರೆಯ ಹದಕ್ಕೆ ಒಂದು ಪರೀಕ್ಷೆ ಇದೆ. ಬ್ರಷ್ ಎತ್ತಿದಾಗ ನೊರೆ ಕೊಂಬಿನಂತೆ ನಿಂತು ತುದಿ ಬಾಗಬೇಕು, ಮೈ ಮೊಸರಿನಂತೆ ಹೊಳೆಯಬೇಕು. ದೊಡ್ಡ ಗುಳ್ಳೆ ಕಂಡರೆ ನೀರು ಹೆಚ್ಚಾಗಿದೆ. ಸುಣ್ಣದಂತೆ ಮಂಕಾಗಿ ಒಂದೇ ನಿಮಿಷದಲ್ಲಿ ಒಣಗಿದರೆ ನೀರು ಸಾಲದು. ಎಷ್ಟು ತಿರುಗಿಸಿದರೂ ನೊರೆ ಕುಸಿಯುತ್ತಿದ್ದರೆ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಸಿಯಾಗಿಬಿಡುತ್ತದೆ. ಫಿಲ್ಟರ್ ಆದ ಆರ್‌ಒ ನೀರನ್ನು ನೊರೆಗೆ ಮಾತ್ರ 40 ಮಿ.ಲೀ. ಬಳಸಿ ನೋಡಿ, ಅದೇ ಸೋಪು ಬೇರೆಯೇ ಸೋಪಿನಂತೆ ಕಾಣುತ್ತದೆ.

ರೇಜರ್‌ನಲ್ಲಿ ನಾನು ಎರಡನ್ನು ಇಟ್ಟುಕೊಂಡಿದ್ದೇನೆ: ನೆತ್ತಿ ಮತ್ತು ಪಕ್ಕಗಳಿಗೆ ಎರಡಂಚಿನ ಬ್ಲೇಡ್‌ನ ಸೇಫ್ಟಿ ರೇಜರ್, ಕಣ್ಣಿಗೆ ಕಾಣದ ಹಿಂದಲೆಗೆ ಕಾರ್ಟ್ರಿಜ್. ಕಾರ್ಟ್ರಿಜ್‌ನ ತಲೆ ತಾನೇ ಬಾಗಿ ಬುರುಡೆಯ ಉಬ್ಬುತಗ್ಗನ್ನು ಹಿಂಬಾಲಿಸುತ್ತದೆ. ಸೇಫ್ಟಿ ರೇಜರ್‌ನಲ್ಲಿ ಬ್ಲೇಡ್‌ಗೂ ಚರ್ಮಕ್ಕೂ ನಡುವಿನ ಸುಮಾರು 30 ಡಿಗ್ರಿ ಕೋನವನ್ನು ಮಣಿಕಟ್ಟೇ ಕಾಯಬೇಕು. ಬ್ಲೇಡ್ ಹಾಕಿ ತಿರುಪಿದ ಮೇಲೆ ಬೆಳಕಿಗೆ ಹಿಡಿದು ಎರಡೂ ಅಂಚು ಸಮನಾಗಿ ಹೊರಗಿವೆಯೇ ಅಂತ ನೋಡುತ್ತೇನೆ. ಒಂದು ಪಕ್ಕ ಕೂದಲೆಳೆಯಷ್ಟು ಹೆಚ್ಚು ಚಾಚಿದ್ದರೂ ಆ ಪಕ್ಕ ಕಚ್ಚುತ್ತದೆ. ಹಾಗಿದ್ದರೆ ತಿರುಪು ಸಡಿಲಿಸಿ, ಬ್ಲೇಡ್‌ನ ಕಿರಿಯ ಬದಿಗಳನ್ನು ಹಿಡಿದು ಸರಿಮಾಡಿ ಮತ್ತೆ ಬಿಗಿಯಬೇಕು.

ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೇ ಸೀದಾ, 2-3 ಸೆಂ.ಮೀ. ಉದ್ದದ ಸಣ್ಣ ಎಳೆತಗಳು, ಒತ್ತದೆ. ರೇಜರ್‌ನ ಭಾರವೇ ಸಾಕು. ನೆತ್ತಿಯಿಂದ ಶುರುಮಾಡಿ ಪಕ್ಕಕ್ಕೆ, ಕೊನೆಗೆ ಹಿಂದಕ್ಕೆ. ಅಷ್ಟು ಹೊತ್ತು ನೊರೆಯಲ್ಲಿ ನೆಂದ ಕತ್ತಿನ ಗಡಸು ಕೂದಲು ಸುಲಭಕ್ಕೆ ಬರುತ್ತದೆ. ಕಿವಿಯ ಹಿಂದೆ ಚರ್ಮ ಸಡಿಲ, ಅಡಿಯಲ್ಲಿ ಮೂಳೆ ಉಬ್ಬಿದೆ. ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದು, ಮೂಳೆಯಿಂದ ಕಿವಿಯ ಕಡೆಗಲ್ಲ, ಕಿವಿಯಿಂದ ಹಿಂದಕ್ಕೆ ಎಳೆಯಬೇಕು. ಹಿಂದಲೆಯಲ್ಲಿ ಕನ್ನಡಿಯನ್ನು ನಂಬುವುದಕ್ಕಿಂತ ಎಡಗೈ ಬೆರಳನ್ನು ನಂಬುವುದು ಮೇಲು. ಬೆರಳು ಮುಂದೆ ತಡವುತ್ತಾ ಹೋಗುತ್ತದೆ, ರೇಜರ್ ಅದರ ಹಿಂದೆ. ಗದ್ದವನ್ನು ಎದೆಗೆ ತಾಗಿಸಿದರೆ ಕತ್ತಿನ ಮಡಿಕೆ ಬಿಡಿಸಿಕೊಳ್ಳುತ್ತದೆ. ಎರಡನೇ ಸುತ್ತಿಗೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಉಲ್ಟಾ ಎಳೆಯುವುದು ನೆತ್ತಿಯಲ್ಲಿ ಮಾತ್ರ, ಅದೂ ಚರ್ಮ ಒಪ್ಪಿದರೆ. ಕತ್ತಿನ ಮೇಲೆ ಉಲ್ಟಾ ಹೋಗಲೇಬಾರದು, ಗುಂಗುರು ಕೂದಲಿನವರಂತೂ ಖಂಡಿತ. ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗಿ, ಬಾಗಿ, ಒಳಗೇ ಬೆಳೆದು ಗುಳ್ಳೆಯಾಗುತ್ತದೆ.

ಮುಗಿದ ಮೇಲೆ ತಣ್ಣೀರು, ಆಮೇಲೆ ಒದ್ದೆ ಪಟಿಕ. ಪಟಿಕ ಸವರಿದಾಗ ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ನಾನು ಒತ್ತಿದ್ದೇನೆ ಅಂತ ಅರ್ಥ; ಮುಂದಿನ ಸಲ ಅಲ್ಲಿ ಕೈ ಹಗುರ. ಅರ್ಧ ನಿಮಿಷ ಬಿಟ್ಟು ತೊಳೆದು, ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚುತ್ತೇನೆ. ರಾತ್ರಿ ಬೋಳಿಸುವುದು ಒಳ್ಳೆಯದು. ಬಿಸಿಲಿಗೂ ಟೋಪಿಗೂ ಮೊದಲು ಚರ್ಮಕ್ಕೆ ಕೆಲವು ಗಂಟೆ ವಿರಾಮ ಸಿಗುತ್ತದೆ. ಹಗಲಲ್ಲಿ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಬೇಕೇ ಬೇಕು. ಕಿವಿಯ ಮೇಲಂಚು, ಕತ್ತಿನ ಹಿಂಭಾಗ ಎಲ್ಲರೂ ಮರೆಯುವ ಜಾಗಗಳು. ಬ್ಲೇಡನ್ನು ಎರಡು ಮೂರು ಶೇವ್‌ಗೆ ಬದಲಿಸುತ್ತೇನೆ.

ಹಾಗಾದರೆ ಬಾರ್ಬರ್ ಯಾರಿಗೆ ಬೇಕು? ಮೊದಲ ಸಲ ತಲೆ ಬೋಳಿಸುವವರಿಗೆ ನಿಸ್ಸಂದೇಹವಾಗಿ ಬೇಕು. ಭುಜ ಎತ್ತಲಾಗದವರಿಗೆ, ಕೈ ನಡುಗುವವರಿಗೆ ಪ್ರತಿ ಸಲವೂ ಬೇಕು. ಅರ್ಧ ಗಂಟೆ ಕಣ್ಣು ಮುಚ್ಚಿ ಕೂತು ಇನ್ನೊಬ್ಬರ ಪಳಗಿದ ಕೈಗೆ ತಲೆ ಒಪ್ಪಿಸುವ ಸುಖಕ್ಕಾಗಿ ಹೋಗುವುದೂ ಸರಿಯೇ; ಅದು ಸಣ್ಣ ಸುಖವಲ್ಲ. ಒಂದೇ ಒಂದು ಸ್ಥಿತಿಯಲ್ಲಿ ಬಾರ್ಬರ್ ಕತ್ತಿಯೂ ಬೇಡ, ಮನೆಯ ರೇಜರೂ ಬೇಡ. ಕತ್ತಿನ ಹಿಂದೆ ಗುಳ್ಳೆಗಳು ವಾರಗಟ್ಟಲೆ ಮಾಯದೆ ಗಟ್ಟಿ ಗಂಟುಗಳಾಗುತ್ತಿದ್ದರೆ ನುಣ್ಣನೆಯ ಶೇವ್ ಅದನ್ನು ಉಲ್ಬಣಗೊಳಿಸುತ್ತದೆ, ಶಾಶ್ವತ ಕಲೆ ಉಳಿಯಬಹುದು. ಆಗ ಬೋಳಿಸುವುದನ್ನು ನಿಲ್ಲಿಸಿ, ಚರ್ಮರೋಗ ತಜ್ಞರಿಗೆ ತೋರಿಸಿ. ಅವರು ಸರಿ ಅನ್ನುವವರೆಗೆ ಬ್ಲೇಡ್ ಕಾಗದದೊಳಗೇ ಇರಲಿ.