ಬೆಟ್ಟ ಹತ್ತಿ ಬಂದ್ಮೇಲೆ ಏನ್ ತಿನ್ನೋದು?

ಬೆಳಿಗ್ಗೆ ಕೋಲಾರದಲ್ಲಿ ಅಂತರಗಂಗೆ ಮೆಟ್ಟಿಲು ಹತ್ತಿ ಇಳಿದು ಬರೀ ಕಾಫಿ ಬನ್ನು ತಿಂದು ಸುಮ್ನಾಗ್ಬಿಡ್ತಿದ್ದೆ, ಆಮೇಲೆ ಬಾಡಿ ಬರ್ತಿಲ್ಲ ಅಂತ ಗೋಳು ಬೇರೆ. ವರ್ಕೌಟ್ ಆದ್ಮೇಲೆ ಒಂದೆರಡು ಗಂಟೆ ಒಳಗೆ 20-25 ಗ್ರಾಂ ಪ್ರೋಟೀನ್ ಹೋದ್ರೆ ಸಾಕು, ಓಡೋಡಿ ಬಂದು ಶೇಕ್ ಕುಡಿಯೋದೇನ್ ಬೇಡ, ಇಡೀ ದಿನದ ಲೆಕ್ಕಾನೇ ಮುಖ್ಯ: ಮೈತೂಕದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ, ಅಂದ್ರೆ 60 ಕೆಜಿ ಇರೋರಿಗೆ 72ರಿಂದ 96.

ಸುಲಭದ್ದು ಮೊಟ್ಟೆ. ಒಂದ್ರಲ್ಲಿ ಸುಮಾರು 6 ಗ್ರಾಂ, ಮೂರು ಬೇಯಿಸ್ಕೊಂಡು ಜೊತೆಗೊಂದು ದೊಡ್ಡ ಲೋಟ ಹಾಲು ಕುಡಿದ್ರೆ ಮುಗೀತು. ಮೊಟ್ಟೆ ತಿನ್ನಲ್ವಾ? 50 ಗ್ರಾಂ ಸೋಯಾ ಚಂಕ್ಸ್ ಬಿಸಿನೀರಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಈರುಳ್ಳಿ ಮೆಣಸಿನಕಾಯಿ ಹಾಕಿ ಹುರ್ಕೊಳ್ಳಿ, ಅದ್ರಲ್ಲೇ 25 ಗ್ರಾಂ ಬರುತ್ತೆ.

ಹುರುಳಿಕಾಳು, ಅವರೆಕಾಳು ಉಸ್ಲಿನೂ ಒಳ್ಳೇದೇ, ಆದ್ರೆ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಅನ್ನೋದು ಒಣ ಹುರುಳಿ ಲೆಕ್ಕ, ಬೆಂದ್ಮೇಲೆ ನೀರು ಕುಡಿದು ತೂಕ ಜಾಸ್ತಿ ಆಗಿರುತ್ತೆ, ಹಾಗಾಗಿ ಬೆಂದ 100 ಗ್ರಾಂನಲ್ಲಿ ಪ್ರೋಟೀನ್ ಕಮ್ಮಿನೇ, ಇಲ್ಲೇ ಎಲ್ರೂ ಏಮಾರೋದು. ಮುದ್ದೆ? ಹೊಟ್ಟೆ ತುಂಬುತ್ತೆ, ಶಕ್ತಿನೂ ಬರುತ್ತೆ, ಪ್ರೋಟೀನ್‌ಗೆ ಮಾತ್ರ ಕಾಳಿನ ಸಾರು ಜೊತೆಗಿರ್ಲೇಬೇಕು (ಬೈಬೇಡಿ, ನಾನೂ ಮುದ್ದೆ ಪಾರ್ಟೀನೇ). ಕಿಡ್ನಿ ತೊಂದ್ರೆ ಇರೋರು ಮೊದ್ಲು ಡಾಕ್ಟರ್‌ನ ಕೇಳ್ಕೊಳಿ.